ಧ್ರುವದ ಕಡಲಿಗೊಂದು ಪುಟ್ಟ ಕಿವಿ

ವಾಡಿ, ಶಹಾಬಾದ್, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳಿಂದ ಹೊರಬೀಳುವ ಲಾರಿಗಳಲ್ಲಿ ಜಿಪಿಎಸ್ ಪೆಟ್ಟಿಗೆ ಇರುವುದು ಈಗ ಸಾಮಾನ್ಯವಾಗಿದ್ದು, ಲಾರಿ ಯಾವ ಊರು ದಾಟಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನು ಮಾಲೀಕರು ಚಿತ್ತಾಪುರದಲ್ಲಿ ಕುಳಿತೇ ಮೊಬೈಲಿನ ನಕ್ಷೆಯಲ್ಲಿ ನೋಡಬಲ್ಲರು. ಅದೇ ಲಾರಿ ಚಿಂಚೋಳಿ ದಾಟಿ ಕುಂಚಾವರಂ ಕಾಡಿನಂಥ ಕಡೆ ಹೊಕ್ಕು ಮೊಬೈಲ್ ಸಿಗ್ನಲ್ ತಪ್ಪಿತೆಂದರೆ, ನಕ್ಷೆಯ ಮೇಲಿನ ಚುಕ್ಕೆ ಇದ್ದಲ್ಲೇ ನಿಂತುಬಿಡುತ್ತದೆ. ಸಿಗ್ನಲ್ ಮರಳಿದಾಗ ಒಮ್ಮೆಲೇ ಹಲವು ಕಿಲೋಮೀಟರ್ ಜಿಗಿದು ಮತ್ತೆಲ್ಲೋ ಕಾಣಿಸಿಕೊಳ್ಳುತ್ತದೆ. ಲಾರಿಯನ್ನು ಆಕಾಶದ ಉಪಗ್ರಹವೇ ನೋಡುತ್ತಿರುತ್ತದೆ ಎಂದು ತಿಳಿದವರಿಗೆ ಇದು ಒಗಟಾಗಿ ಕಾಣುತ್ತದೆ. ಕಾಡಿನ ಮೇಲೂ ಆಕಾಶವಿದೆ, ಆಕಾಶದಲ್ಲಿ ಉಪಗ್ರಹವೂ ಇದೆ. ಹೀಗಿದ್ದೂ ಚುಕ್ಕೆ ನಿಂತದ್ದೇಕೆ?

ಜಿಪಿಎಸ್ ಉಪಗ್ರಹಗಳು ಲಾರಿಯನ್ನು ನೋಡುವುದೂ ಇಲ್ಲ, ಅದರ ಮಾತನ್ನು ಕೇಳುವುದೂ ಇಲ್ಲ ಎಂಬುದೇ ಇದಕ್ಕೆ ಉತ್ತರ. ಅವು ತಮ್ಮ ಗಡಿಯಾರದ ಹೊತ್ತನ್ನೂ ತಾವಿರುವ ಜಾಗವನ್ನೂ ಬಿಡದೆ ಸಾರುತ್ತಿರುತ್ತವೆ, ಅಷ್ಟೇ. ಆ ಸಾರಿಕೆಗಳು ತನ್ನನ್ನು ಮುಟ್ಟಲು ಹಿಡಿದ ಸಮಯದ ವ್ಯತ್ಯಾಸವನ್ನು ಲೆಕ್ಕಹಾಕಿ ತಾನೆಲ್ಲಿದ್ದೇನೆಂದು ಅರಿಯುವುದು ಲಾರಿಯೊಳಗಿನ ಪೆಟ್ಟಿಗೆಯ ಕೆಲಸವಾದರೆ, ಅರಿತದ್ದನ್ನು ಮಾಲೀಕರಿಗೆ ಮುಟ್ಟಿಸುವುದು ಮೊಬೈಲ್ ಗೋಪುರದ ಕೆಲಸ. ಅಂದರೆ ತಾನಿರುವ ಜಾಗ ತನಗೆ ಗೊತ್ತಿರುವುದು ಒಂದು ಸಂಗತಿ, ಅದು ಇನ್ನೊಬ್ಬರಿಗೆ ಗೊತ್ತಾಗುವುದು ಬೇರೆಯೇ ಸಂಗತಿ. ಈ ಎರಡರ ನಡುವಿನ ಅಂತರ ನೆಲದ ಮೇಲೆ ಕೆಲವು ಕಿಲೋಮೀಟರಿನದಾಗಿದ್ದರೆ, ಉತ್ತರ ಧ್ರುವದ ಆರ್ಕ್ಟಿಕ್ ಕಡಲಿನಲ್ಲಿಯೂ ಅಂಟಾರ್ಕ್ಟಿಕಾವನ್ನು ಸುತ್ತುವರಿದ ದಕ್ಷಿಣ ಸಾಗರದಲ್ಲಿಯೂ ಸಾವಿರಾರು ಕಿಲೋಮೀಟರಿನದು. ಅಲ್ಲಿ ಸಾಗುವ ಹಡಗಿನ ನಾವಿಕನಿಗೆ ತಾನೆಲ್ಲಿದ್ದೇನೆಂಬುದು ಕೆಲವೇ ಮೀಟರುಗಳಷ್ಟು ಖಚಿತವಾಗಿ ಗೊತ್ತಿರುತ್ತದೆ. ದಡದಲ್ಲಿರುವವರಿಗೆ ಮಾತ್ರ ಏನೂ ಗೊತ್ತಿರುತ್ತಿರಲಿಲ್ಲ. ಈ ಅಂತರವನ್ನು ಮುಚ್ಚಿದ್ದು ದೊಡ್ಡ ಉಪಗ್ರಹವಲ್ಲ, ಆರು ಕಿಲೋ ತೂಕದ ಒಂದು ಪೆಟ್ಟಿಗೆ. ಅದನ್ನು ಮೇಲಕ್ಕೆ ಒಯ್ದದ್ದು ಭಾರತದ ರಾಕೆಟ್ಟು.

ಹಡಗು ತಾನೇ ಸಾರುವ ಗುರುತು

ಅಂತರರಾಷ್ಟ್ರೀಯ ಯಾನ ಕೈಗೊಳ್ಳುವ, ಒಟ್ಟು ಟನ್ನೇಜ್ 300ಕ್ಕಿಂತ ಕಡಿಮೆಯಿಲ್ಲದ ಪ್ರತಿಯೊಂದು ಹಡಗಿನಲ್ಲಿಯೂ, ಗಾತ್ರ ಎಷ್ಟೇ ಇರಲಿ ಎಲ್ಲ ಪ್ರಯಾಣಿಕರ ಹಡಗುಗಳಲ್ಲಿಯೂ, ಒಂದು ರೇಡಿಯೊ ಪೆಟ್ಟಿಗೆ ಇರಲೇಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಇಲ್ಲಿ ಟನ್ನೇಜ್ ಎಂದರೆ ತೂಕವಲ್ಲ, ಹಡಗಿನ ಒಳಗಿನ ಅವಕಾಶದ ಅಳತೆ. ಹಂತಹಂತವಾಗಿ ಜಾರಿಗೆ ಬಂದ ಈ ನಿಯಮ 2004ರ ಕೊನೆಯ ಹೊತ್ತಿಗೆ ಪೂರ್ತಿಯಾಗಿ ನೆಲೆಗೊಂಡಿತು. ಇಂಗ್ಲಿಷಿನಲ್ಲಿ ಆಟೊಮ್ಯಾಟಿಕ್ ಐಡೆಂಟಿಫಿಕೇಶನ್ ಸಿಸ್ಟಮ್, ಚುಟುಕಾಗಿ ಎಐಎಸ್ ಎನ್ನಲಾಗುವ ಇದನ್ನು ಕನ್ನಡದಲ್ಲಿ ‘ಸ್ವಯಂಗುರುತು ವ್ಯವಸ್ಥೆ’ ಎನ್ನಬಹುದು. ಭಾರತದ ಬಸ್ಸು, ಟ್ಯಾಕ್ಸಿಗಳಲ್ಲಿ ಅಳವಡಿಸುವ ಸಾಧನದ ‘ಎಐಎಸ್-140’ ಎಂಬುದು ವಾಹನೋದ್ಯಮದ ಬೇರೊಂದು ಮಾನದಂಡವಾಗಿದ್ದು, ಅಕ್ಷರಗಳು ಒಂದೇ ಆದರೂ ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಡಗಿನ ಸ್ವಯಂಗುರುತು ಪೆಟ್ಟಿಗೆ ಯಾರೂ ಕೇಳದಿದ್ದರೂ ತನ್ನ ವಿವರವನ್ನು ತಾನೇ ಸಾರುತ್ತಿರುತ್ತದೆ. ಆ ಸಾರಿಕೆಯಲ್ಲಿ ಹಡಗಿನ ಒಂಬತ್ತು ಅಂಕಿಯ ಗುರುತುಸಂಖ್ಯೆ, ಅದು ಇರುವ ಅಕ್ಷಾಂಶ ಮತ್ತು ರೇಖಾಂಶ, ವೇಗ, ಸಾಗುತ್ತಿರುವ ದಿಕ್ಕು, ಮೂತಿ ತಿರುಗಿರುವ ದಿಕ್ಕು ಇವೆಲ್ಲ ಅಡಕವಾಗಿರುತ್ತವೆ. ಗುರುತುಸಂಖ್ಯೆಯ ಮೊದಲ ಮೂರು ಅಂಕಿ ದೇಶವನ್ನು ಹೇಳುವುದರಿಂದ 419 ಎಂದು ಶುರುವಾದರೆ ಅದು ಭಾರತದ ಹಡಗು, 257 ಎಂದು ಶುರುವಾದರೆ ನಾರ್ವೆಯದು ಎಂದು ತಿಳಿಯುತ್ತದೆ. ಸಾಗುತ್ತಿರುವ ಹಡಗು ತನ್ನ ವೇಗಕ್ಕೆ ತಕ್ಕಂತೆ ಎರಡರಿಂದ ಹತ್ತು ಸೆಕೆಂಡಿಗೊಮ್ಮೆ ಸಾರಿದರೆ, ಲಂಗರು ಹಾಕಿ ನಿಂತದ್ದು ಮೂರು ನಿಮಿಷಕ್ಕೊಮ್ಮೆ ಸಾರುತ್ತದೆ. ಈ ವ್ಯವಸ್ಥೆಯ ಮೂಲ ಉದ್ದೇಶ ಕಾವಲಲ್ಲ. ಮಂಜಿನಲ್ಲೋ ಕತ್ತಲಲ್ಲೋ ಎರಡು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲೆಂದು ಇದನ್ನು ರೂಪಿಸಲಾಯಿತು. ಹೀಗಾಗಿ ಹತ್ತಿರದ ಹಡಗಿಗೆ ಕೇಳಿಸಿದರೆ ಸಾಕಿತ್ತು, ದೂರಕ್ಕೆ ಕೇಳಿಸಬೇಕೆಂಬ ಯೋಚನೆ ರೂಪಿಸಿದವರಿಗೆ ಇರಲಿಲ್ಲ.

ದೂರಕ್ಕೆ ಕೇಳಿಸುವುದೂ ಇಲ್ಲ. ಈ ಪೆಟ್ಟಿಗೆ ಬಳಸುವ ರೇಡಿಯೊ ತರಂಗ, ಎಫ್‌ಎಂ ರೇಡಿಯೊದ ತರಂಗದಂತೆ, ಹೆಚ್ಚುಕಡಿಮೆ ನೇರವಾಗಿ ಸಾಗುವ ಜಾತಿಯದು. ಭೂಮಿ ಬಾಗಿರುವುದರಿಂದ ದಿಗಂತ ದಾಟಿದೊಡನೆ ಆ ತರಂಗ ನೆಲವನ್ನು ಬಿಟ್ಟು ಮೇಲೆ ಹೋಗಿಬಿಡುತ್ತದೆ. ದಡದ ಮೇಲೆ 30 ಮೀಟರ್ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿದ್ದು, ಹಡಗಿನ ಆಂಟೆನಾ ನೀರಿನಿಂದ 20 ಮೀಟರ್ ಮೇಲಿದ್ದರೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದು ಸುಮಾರು 40 ಕಿಲೋಮೀಟರಿನವರೆಗೆ ಮಾತ್ರ. ಅಂದರೆ ಹೆಚ್ಚುಕಡಿಮೆ ಶಹಾಬಾದಿನಿಂದ ಸೇಡಂವರೆಗಿನ ನೇರ ದೂರ. ಕಂಬವನ್ನು ಗುಡ್ಡದ ಮೇಲೆ ನೆಟ್ಟರೆ ಇನ್ನಷ್ಟು ದೂರ ದಕ್ಕುತ್ತದೆ, ಆದರೆ ನಡುಕಡಲಿಗೆ ಅದೂ ಸಾಲದು. ಮೇಲೆ ಹೋಗಿಬಿಡುವ ಆ ತರಂಗ ಮಾತ್ರ ವ್ಯರ್ಥವಾಗದೆ, ಅಡ್ಡಿಯೇ ಇಲ್ಲದ ಬಾಹ್ಯಾಕಾಶದಲ್ಲಿ ಸಾವಿರಾರು ಕಿಲೋಮೀಟರ್ ಸಾಗುತ್ತದೆ ಎಂಬುದು ಮುಂದಿನ ಕಥೆಗೆಲ್ಲ ತಳಹದಿ.

ಗೋಪುರವಿಲ್ಲದ ನೀರು

ಧ್ರುವದ ಕಡಲುಗಳಲ್ಲಿ ಹಡಗುಗಳಿಗೇನು ಕೆಲಸ ಎಂಬ ಪ್ರಶ್ನೆ ಬರಬಹುದು. ಆರ್ಕ್ಟಿಕ್ಕಿನಲ್ಲಿ ಮೀನುಗಾರಿಕೆಯಿದೆ, ತೈಲ ಮತ್ತು ಅನಿಲದ ಸಾಗಣೆಯಿದೆ, ಬೇಸಗೆಯ ಹಿಮ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿರುವುದರಿಂದ ರಷ್ಯಾದ ಉತ್ತರ ದಂಡೆಯ ಗುಂಟ ಸರಕು ಹಡಗುಗಳ ಓಡಾಟವಿದೆ. ಅಂಟಾರ್ಕ್ಟಿಕಾದತ್ತ ಸಂಶೋಧಕರ ಹಡಗುಗಳೂ ಪ್ರವಾಸಿಗರ ಹಡಗುಗಳೂ ಸಾಗುತ್ತವೆ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟದ್ದು ‘ಪೋಲಾರ್ ಸರ್ಕಲ್’ ಎಂಬ ನಾರ್ವೆಯ ಹಡಗಿನಲ್ಲಿ. ಸ್ವಯಂಗುರುತು ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಮುಂದಿನ ವರ್ಷದ ಜನವರಿ 9ರಂದು ಅದು ಹಿಮಖಂಡ ಮುಟ್ಟುವವರೆಗೂ ಹಡಗು ಎಲ್ಲಿದೆ ಎಂದು ತಿಳಿಯಲು ಹಡಗಿನವರೇ ರೇಡಿಯೊದಲ್ಲಿ ಹೇಳಬೇಕಿತ್ತು.

ಹೀಗೆ ತಿಳಿಯುವುದು ಎಷ್ಟು ಮುಖ್ಯ ಎಂಬುದಕ್ಕೆ 2007ರ ನವೆಂಬರ್ 23ರ ಘಟನೆಯೊಂದೇ ಸಾಕು. ‘ಎಕ್ಸ್‌ಪ್ಲೋರರ್’ ಎಂಬ ಪ್ರವಾಸಿ ಹಡಗು ಅಂಟಾರ್ಕ್ಟಿಕಾ ಪರ್ಯಾಯದ್ವೀಪದ ಸಮೀಪ, ದಕ್ಷಿಣ ಶೆಟ್‌ಲೆಂಡ್ ದ್ವೀಪಗಳ ಬಳಿ, ಹಿಮಕ್ಕೆ ಬಡಿದು ತೂತಾಗಿ ಮುಳುಗಿತು. ಅದರಲ್ಲಿದ್ದ 154 ಜನರೂ ಜೀವರಕ್ಷಕ ದೋಣಿಗಳಲ್ಲಿ ಗಂಟೆಗಟ್ಟಲೆ ಕೊರೆಯುವ ಚಳಿಯಲ್ಲಿ ಕುಳಿತು, ‘ನೂರ್ಡ್‌ನೊರ್ಗೆ’ ಎಂಬ ಇನ್ನೊಂದು ಪ್ರವಾಸಿ ಹಡಗು ಬಂದದ್ದರಿಂದ ಬದುಕಿದರು. ಧ್ರುವದ ನೀರಿನಲ್ಲಿ ಅಪಾಯಕ್ಕೆ ಸಿಕ್ಕವರನ್ನು ಉಳಿಸುವುದು ದೂರದ ಬಂದರಿನ ರಕ್ಷಣಾ ದಳವಲ್ಲ, ಹತ್ತಿರದಲ್ಲಿ ಇರಬಹುದಾದ ಇನ್ನೊಂದು ಹಡಗು. ಆದ್ದರಿಂದ ಯಾವ ಹಡಗು ಎಲ್ಲಿದೆ ಎಂಬ ಪಟ್ಟಿ ಯಾರ ಬಳಿಯಾದರೂ ಮೊದಲೇ ಇರಬೇಕಾಗುತ್ತದೆ.

ಆ ಪಟ್ಟಿ ಮಾಡಲು ದಡದ ಕಂಬಗಳು ಸಾಲವು. ಭೂಸ್ಥಿರ ಉಪಗ್ರಹಗಳೂ ಆಗಿಬರುವುದಿಲ್ಲ. ಸಮಭಾಜಕ ವೃತ್ತದ ನೆತ್ತಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯೊಂದಿಗೆ ಸಮನಾಗಿ ಸುತ್ತುತ್ತ ಒಂದೇ ಕಡೆ ನಿಂತಂತೆ ಕಾಣುವ ಈ ಉಪಗ್ರಹಗಳೇ ಮನೆಮನೆಯ ಟಿವಿಗೆ ಚಿತ್ರ ಕಳಿಸುವಂಥವು. ಸೇಡಂನ ಮನೆಯ ಮಾಳಿಗೆಯ ಮೇಲಿನ ಡಿಶ್ ದಕ್ಷಿಣದ ಕಡೆಗೆ ಮುಖ ಮಾಡಿ ಸಾಕಷ್ಟು ಮೇಲಕ್ಕೆ ಎತ್ತಿಕೊಂಡಿರುತ್ತದೆ. ಉತ್ತರಕ್ಕೆ ಹೋದಂತೆಲ್ಲ ಅದನ್ನು ತಗ್ಗಿಸುತ್ತ ಹೋಗಬೇಕಾಗಿ, 78 ಡಿಗ್ರಿ ಅಕ್ಷಾಂಶದ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ ಅದು ಬಹುಮಟ್ಟಿಗೆ ನೆಲಕ್ಕೆ ಸಮನಾಗಿ ದಿಗಂತವನ್ನೇ ನೋಡುತ್ತಿರುತ್ತದೆ. ಸುಮಾರು 81 ಡಿಗ್ರಿ ದಾಟಿದ ಮೇಲೆ ಭೂಸ್ಥಿರ ಉಪಗ್ರಹ ದಿಗಂತದ ಕೆಳಗೆ ಇಳಿದು ಕಾಣದೆಯೇ ಹೋಗುತ್ತದೆ. ಅಲ್ಲದೆ ಅಷ್ಟು ದೂರದ ಉಪಗ್ರಹಕ್ಕೆ ಮಾತು ಮುಟ್ಟಿಸಲು ಹನ್ನೆರಡೂವರೆ ವ್ಯಾಟ್ ಶಕ್ತಿಯ ಹಡಗಿನ ಪೆಟ್ಟಿಗೆಯ ದನಿ ಏನೇನೂ ಸಾಲದು. ಬೇಕಾದದ್ದು ಕೆಳಗೆ, ನೆಲಕ್ಕೆ ಹತ್ತಿರವಾಗಿ ಹಾರುವ ಉಪಗ್ರಹ.

ಎತ್ತರದಲ್ಲಿ ನಿಂತವರಿಗೆ ಕೇಳುವ ಗದ್ದಲ

ಅಂಥ ಉಪಗ್ರಹವನ್ನು ಮೇಲಕ್ಕೆ ಕಳಿಸಿ ಕಿವಿಗೊಟ್ಟೊಡನೆ ಎಲ್ಲ ಹಡಗುಗಳೂ ಕೇಳಿಸುತ್ತವೆ ಎಂದುಕೊಂಡರೆ ಅದೂ ಸರಿಯಲ್ಲ. ಈ ವಿಷಯದ ನಿಜವಾದ ಸ್ವಾರಸ್ಯ ಇರುವುದೇ ಇಲ್ಲಿ.

ಹಡಗುಗಳು ಸಾರುವುದು ಮುಖ್ಯವಾಗಿ ಎರಡು ರೇಡಿಯೊ ದಾರಿಗಳಲ್ಲಿ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ತಿಳಿಯದಾಗುವುದರಿಂದ ಪ್ರತಿ ನಿಮಿಷವನ್ನು ಒಂದೊಂದು ದಾರಿಯಲ್ಲಿ 2,250 ಪಾಳಿಗಳಾಗಿ ಕತ್ತರಿಸಲಾಗಿದೆ. ಒಂದು ಪಾಳಿ ಎಂದರೆ ಒಂದು ಸಾರಿಕೆಗೆ ಸಾಕಾಗುವಷ್ಟು ಚೂರು ಹೊತ್ತು. ಸೆಕೆಂಡಿಗೆ ಅಂಥ ಮೂವತ್ತೇಳೂವರೆ ಪಾಳಿ ಬರುತ್ತವೆ. ಪಾಳಿ ಹಂಚಿಕೊಡಲು ಮೇಲಧಿಕಾರಿ ಯಾರೂ ಇಲ್ಲ. ಪ್ರತಿಯೊಂದು ಹಡಗು ಸುತ್ತಲಿನವರ ಸಾರಿಕೆಯನ್ನು ಆಲಿಸಿ, ಖಾಲಿಯಿರುವ ಪಾಳಿಯೊಂದನ್ನು ಹಿಡಿದು, ಮುಂದಿನ ಸಲ ತಾನು ಯಾವ ಪಾಳಿಯಲ್ಲಿ ಮಾತಾಡುವೆನೆಂಬುದನ್ನೂ ಈಗಿನ ಸಾರಿಕೆಯಲ್ಲೇ ಹೇಳಿಬಿಡುತ್ತದೆ; ಅದನ್ನು ಕೇಳಿದ ಉಳಿದವು ಆ ಪಾಳಿಯನ್ನು ಬಿಟ್ಟುಕೊಡುತ್ತವೆ. ಯಜಮಾನನಿಲ್ಲದೆ ನಡೆಯುವ ಈ ಹೊಂದಾಣಿಕೆ ಇಂಜಿನಿಯರಿಂಗಿನ ಅತ್ಯಂತ ಚೆಲುವಾದ ಕಲ್ಪನೆಗಳಲ್ಲೊಂದು ಎಂದರೆ ಅತಿಶಯವಾಗದು. ಆದರೆ ಈ ಹೊಂದಾಣಿಕೆ ಒಂದಕ್ಕೊಂದು ಕೇಳಿಸುವ ಹಡಗುಗಳ ನಡುವೆ ಮಾತ್ರ ನಡೆಯಬಲ್ಲದು. ನೂರಾರು ಕಿಲೋಮೀಟರ್ ದೂರದ ಇನ್ನೊಂದು ಗುಂಪು ಅದೇ ಪಾಳಿಗಳನ್ನು ತನ್ನೊಳಗೆ ತನ್ನದೇ ರೀತಿಯಲ್ಲಿ ಹಂಚಿಕೊಂಡಿರುತ್ತದೆ.

ಶ್ರಾವಣದಲ್ಲಿ ಕಾಗಿಣಾ ದಂಡೆಯ ಊರೂರಿನ ಗುಡಿಗಳಲ್ಲಿ ಮೈಕು ಕಟ್ಟಿರುತ್ತಾರೆ. ಒಂದೂರಿನ ಗುಡಿಯಲ್ಲಿ ಭಜನೆಯವರು ಮುಗಿಸಿದ ಮೇಲೆ ಪುರಾಣದವರು, ಅವರು ಮುಗಿಸಿದ ಮೇಲೆ ಊರ ಹಿರಿಯರು ಎಂದು ಪಾಳಿಯ ಪ್ರಕಾರ ಮಾತು ನಡೆಯುವುದರಿಂದ ಆ ಊರಿನವರಿಗೆ ಪ್ರತಿಯೊಂದೂ ಸ್ಪಷ್ಟವಾಗಿ ಕೇಳುತ್ತದೆ. ನಾಲ್ಕು ಹರದಾರಿ ಆಚೆಯ ಊರಿನಲ್ಲಿ ಅದೇ ಹೊತ್ತಿಗೆ ಬೇರೊಬ್ಬರು ಮೈಕು ಹಿಡಿದಿದ್ದರೂ ಇವರಿಗೆ ಅಡ್ಡಿಯಿಲ್ಲ. ಈ ಎಲ್ಲ ಊರುಗಳ ಮೇಲೆ, ಎಲ್ಲ ಮೈಕುಗಳೂ ಒಂದೇ ಸಮನಾಗಿ ಕೇಳುವಷ್ಟು ಎತ್ತರದಲ್ಲಿ, ಒಬ್ಬನನ್ನು ನಿಲ್ಲಿಸಿದರೆ ಅವನಿಗೆ ಕೇಳುವುದು ಭಜನೆಯೂ ಅಲ್ಲ, ಪುರಾಣವೂ ಅಲ್ಲ, ಬರೀ ಗದ್ದಲ. ಪ್ರತಿಯೊಂದು ಊರಿನಲ್ಲಿಯೂ ಶಿಸ್ತು ಇದ್ದಾಗಲೂ ಮೇಲಿನವನ ಪಾಲಿಗೆ ಶಿಸ್ತು ಇಲ್ಲ. ಉಪಗ್ರಹದ ಪಾಡು ಇದೇ.

ಈ ಗದ್ದಲವನ್ನು ಅಂಕಿಗಳಲ್ಲಿಯೂ ಅಳೆಯಬಹುದು. ನೆಲದಿಂದ 635 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಸುತ್ತಲೂ ಸುಮಾರು 2,700 ಕಿಲೋಮೀಟರ್ ದೂರದವರೆಗೆ ದಿಗಂತ ಹರಡಿರುತ್ತದೆ. ಅದರ ಆಲಿಕೆಯ ವೃತ್ತದ ಅಡ್ಡಳತೆ ಐದು ಸಾವಿರ ಕಿಲೋಮೀಟರಿಗೂ ಮಿಗಿಲು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಇಡೀ ಭಾರತ ಅದರೊಳಗೆ ಅಡಗಿ ಇನ್ನೂ ಜಾಗ ಉಳಿಯುತ್ತದೆ. ಜನನಿಬಿಡ ಕಡಲೊಂದರ ಮೇಲೆ ಅಂಥ ವೃತ್ತದೊಳಗೆ ಐದು ಸಾವಿರ ಹಡಗುಗಳಿದ್ದು, ಒಂದೊಂದೂ ನಿಮಿಷಕ್ಕೆ ಆರು ಸಲ ಸಾರುತ್ತದೆ ಎಂದುಕೊಂಡರೆ ನಿಮಿಷಕ್ಕೆ ಮೂವತ್ತು ಸಾವಿರ ಸಾರಿಕೆಗಳಾಗುತ್ತವೆ. ಎರಡೂ ದಾರಿ ಸೇರಿ ಇರುವ ಪಾಳಿಗಳಾದರೋ 4,500. ಸಾಲದ್ದಕ್ಕೆ ದೂರದ ವ್ಯತ್ಯಾಸದಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ನೇರ ಕೆಳಗಿನ ಹಡಗಿನ ಮಾತು 635 ಕಿಲೋಮೀಟರ್ ಸಾಗಿ ಬಂದರೆ ದಿಗಂತದ ಹಡಗಿನ ಮಾತು 2,900 ಕಿಲೋಮೀಟರ್ ಸಾಗಿ ತುಸು ತಡವಾಗಿ ಬರುವುದರಿಂದ, ಅಕ್ಕಪಕ್ಕದ ಬೇರೆ ಬೇರೆ ಪಾಳಿಯಲ್ಲಿ ಆಡಿದ ಮಾತುಗಳ ಅಂಚುಗಳೂ ಒಂದರ ಮೇಲೊಂದು ಬೀಳುತ್ತವೆ. ಮೆಡಿಟರೇನಿಯನ್ ಇಲ್ಲವೆ ದಕ್ಷಿಣ ಚೀನಾ ಸಮುದ್ರದ ಮೇಲೆ ಹಾರುವ ಸರಳ ಉಪಗ್ರಹಕ್ಕೆ ಬಹುಪಾಲು ಹಡಗುಗಳ ಮಾತು ಕಲಸಿಹೋಗುವುದು ಹೀಗೆ.

ಧ್ರುವದ ಕಡಲಿನ ಲೆಕ್ಕ ಬೇರೆ. ವೃತ್ತದೊಳಗೆ ಮುನ್ನೂರೇ ಹಡಗುಗಳಿವೆ ಎಂದುಕೊಂಡರೆ ನಿಮಿಷಕ್ಕೆ ಸಾವಿರದ ಎಂಟುನೂರು ಸಾರಿಕೆ. ಪಾಳಿಗಳು ಅದರ ಎರಡೂವರೆ ಪಟ್ಟು. ಕೆಲವು ಮಾತುಗಳು ಡಿಕ್ಕಿಯಾದರೂ ಅದೇ ಹಡಗು ಹತ್ತು ಸೆಕೆಂಡಿನಲ್ಲಿ ಮತ್ತೆ ಮಾತಾಡುವುದರಿಂದ, ಉಪಗ್ರಹ ಆ ನೆತ್ತಿಯನ್ನು ದಾಟುವ ಹತ್ತು ಹನ್ನೆರಡು ನಿಮಿಷಗಳಲ್ಲಿ ಒಂದಾದರೂ ಸಾರಿಕೆ ಶುದ್ಧವಾಗಿ ದಕ್ಕಿಯೇ ದಕ್ಕುತ್ತದೆ. ಅಂಟಾರ್ಕ್ಟಿಕಾದ ಮೇಲಂತೂ ವೃತ್ತದ ಅಂಚು ದಕ್ಷಿಣ ಸಾಗರದ ನಿರ್ಜನ ನೀರಿನಲ್ಲೇ ಮುಗಿದುಹೋಗುತ್ತದೆ. ಉತ್ತರದಲ್ಲಿ ಅಷ್ಟು ನಿರಾಳವಲ್ಲ, ಸ್ವಾಲ್‌ಬಾರ್ಡಿನ ನೆತ್ತಿಯ ಮೇಲಿರುವ ಉಪಗ್ರಹಕ್ಕೆ ದಕ್ಷಿಣದ ಅಂಚಿನಲ್ಲಿ ಯುರೋಪಿನ ಉತ್ತರ ಸಮುದ್ರದ ಗದ್ದಲವೂ ತಗಲುತ್ತದೆ. ಅದು ಮತ್ತಷ್ಟು ಉತ್ತರಕ್ಕೆ ಸರಿದಂತೆ ಗದ್ದಲ ತಗ್ಗುತ್ತದೆ.

ದಾರಿಗಳು ಕೂಡುವ ಕಡೆ

ಹಡಗುಗಳ ವಿರಳತೆ ಅನುಕೂಲದ ಅರ್ಧ ಭಾಗ ಮಾತ್ರ. ಇನ್ನರ್ಧ ಉಪಗ್ರಹದ ದಾರಿಯಲ್ಲಿದೆ. ಉತ್ತರ ಧ್ರುವದ ಹತ್ತಿರದಿಂದ ದಕ್ಷಿಣ ಧ್ರುವದ ಹತ್ತಿರಕ್ಕೆ, ಅಲ್ಲಿಂದ ಮತ್ತೆ ಉತ್ತರಕ್ಕೆ ಸುತ್ತುವ ದಾರಿಯನ್ನು ಧ್ರುವೀಯ ಕಕ್ಷೆ ಎನ್ನುತ್ತಾರೆ. 635 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ 97 ನಿಮಿಷ ಹಿಡಿಯುವುದರಿಂದ ದಿನಕ್ಕೆ ಹತ್ತಿರಹತ್ತಿರ ಹದಿನೈದು ಸುತ್ತುಗಳಾಗುತ್ತವೆ. ಉಪಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಕೆಳಗೆ ಭೂಮಿ ಪೂರ್ವಕ್ಕೆ ತಿರುಗಿರುತ್ತದೆ. ಹೀಗಾಗಿ ಸಮಭಾಜಕದ ಬಳಿ ಒಂದು ದಾರಿಗೂ ಮುಂದಿನ ದಾರಿಗೂ ನಡುವೆ 2,700 ಕಿಲೋಮೀಟರ್ ಅಂತರ ಬೀಳುತ್ತದೆ. ಶಾಲೆಯ ಭೂಗೋಳದ ಮೇಲಿನ ರೇಖಾಂಶಗಳು ಧ್ರುವದತ್ತ ಸಾಗುತ್ತ ಒತ್ತಾಗುವ ಹಾಗೆಯೇ ಈ ದಾರಿಗಳೂ ಉತ್ತರಕ್ಕೂ ದಕ್ಷಿಣಕ್ಕೂ ಹೋದಂತೆ ಒತ್ತಾಗುತ್ತ, ಧ್ರುವದ ಸುತ್ತ ಎಲ್ಲವೂ ಒಂದೆಡೆ ಕೂಡುತ್ತವೆ. ಪರಿಣಾಮವಾಗಿ ಹದಿನೇಳು ಡಿಗ್ರಿ ಅಕ್ಷಾಂಶದ ಸೇಡಂನ ಆಕಾಶದಲ್ಲಿ ಅಂಥ ಉಪಗ್ರಹ ದಿನಕ್ಕೆ ನಾಲ್ಕೈದು ಸಲ ದಿಗಂತದ ಮೇಲೆ ಬಂದುಹೋದರೆ, ಸ್ವಾಲ್‌ಬಾರ್ಡಿನ ಆಕಾಶದಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಸುತ್ತಿನಲ್ಲಿಯೂ, ಅಂದರೆ ಒಂದೂವರೆ ಗಂಟೆಗೊಮ್ಮೆ, ಕಾಣಿಸಿಕೊಳ್ಳುತ್ತದೆ.

ದಡವಿಲ್ಲ, ಗೋಪುರವಿಲ್ಲ, ಜನವಿಲ್ಲ ಎಂಬ ಯಾವ ಕಾರಣಗಳಿಂದ ಧ್ರುವದ ಕಡಲು ನೆಲದ ಮೇಲಿನವರಿಗೆ ದುರ್ಗಮವಾಗಿತ್ತೋ ಅವೇ ಕಾರಣಗಳಿಂದ ಅದು ಪುಟ್ಟ ಉಪಗ್ರಹಕ್ಕೆ ಸುಗಮವಾಯಿತು. ಒಂದೇ ಒಂದು ಉಪಗ್ರಹ ಮಲಬಾರ್ ಕರಾವಳಿಯನ್ನು ಕಾಯಲಾರದು, ಆರ್ಕ್ಟಿಕ್ಕನ್ನು ಕಾಯಬಲ್ಲದು.

ಶ್ರೀಹರಿಕೋಟಾದಿಂದ ಹೊರಟ ಪೆಟ್ಟಿಗೆಗಳು

ಈ ತರ್ಕ ಪ್ರಯೋಗಕ್ಕೆ ಬಂದ ಬಗೆಯಲ್ಲಿ ಭಾರತದ ಪಾತ್ರ ದೊಡ್ಡದು, ಆದರೆ ಕನ್ನಡದ ಓದುಗರಿಗೆ ಅದು ಹೆಚ್ಚು ಪರಿಚಿತವಲ್ಲ. 2008ರ ಏಪ್ರಿಲ್ 28ರಂದು ಪಿಎಸ್‌ಎಲ್‌ವಿ-ಸಿ9 ರಾಕೆಟ್ ಏಕಕಾಲಕ್ಕೆ ಹತ್ತು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ್ದು ಆ ದಿನದ ದೊಡ್ಡ ಸುದ್ದಿಯಾಗಿತ್ತು. ಆ ಹತ್ತರಲ್ಲಿ ಕೆನಡಾದ ‘ಎನ್‌ಟಿಎಸ್’ ಎಂಬುದೂ ಒಂದು. ಹಡಗುಗಳ ಸಾರಿಕೆಯನ್ನು ಕಿರು ಉಪಗ್ರಹದಿಂದ ಕೇಳಲಾದೀತೇ ಎಂದು ಪರೀಕ್ಷಿಸುವುದೊಂದೇ ಅದರ ಕೆಲಸವಾಗಿದ್ದು, ಟೊರಾಂಟೊ ವಿಶ್ವವಿದ್ಯಾಲಯದ ಬಾಹ್ಯಾಕಾಶ ಪ್ರಯೋಗಾಲಯ ಅದನ್ನು ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಕಟ್ಟಿಕೊಟ್ಟಿತ್ತು.

ಎರಡು ವರ್ಷಗಳ ಬಳಿಕ, 2010ರ ಜುಲೈ 12ರಂದು, ಪಿಎಸ್‌ಎಲ್‌ವಿ-ಸಿ15 ಹೊರಟಾಗ ಅದರ ಮುಖ್ಯ ಹೊರೆ 694 ಕಿಲೋ ತೂಕದ ಕಾರ್ಟೊಸ್ಯಾಟ್-2ಬಿ. ಅದರ ಜೊತೆಗೆ ಅಲ್ಜೀರಿಯಾದ ಒಂದು, ಸ್ವಿಟ್ಜರ್‌ಲೆಂಡಿನ ಒಂದು, ನಾರ್ವೆಯ ‘ಎಐಎಸ್‌ಸ್ಯಾಟ್-1’ ಹಾಗೂ ‘ಸ್ಟಡ್‌ಸ್ಯಾಟ್’ ಇದ್ದವು. ಸ್ಟಡ್‌ಸ್ಯಾಟ್ ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ, ಒಂದು ಕಿಲೋಗಿಂತ ಹಗುರವಾದ ಉಪಗ್ರಹ. ಅದರ ಸಂಕೇತ ಹಿಡಿಯುವ ನೆಲದ ಕೇಂದ್ರ ಇದ್ದದ್ದು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯದಲ್ಲಿ. ವಿದ್ಯಾರ್ಥಿಗಳ ಕನಸಿನ ಪೆಟ್ಟಿಗೆಯೂ ಧ್ರುವದ ಕಡಲಿನ ಕಾವಲಿಗೆ ಹೊರಟ ಪೆಟ್ಟಿಗೆಯೂ ಒಂದೇ ರಾಕೆಟ್ಟಿನಲ್ಲಿ ಅಕ್ಕಪಕ್ಕ ಕುಳಿತು ಹೋದವು. ವಿದೇಶಿ ಉಪಗ್ರಹಗಳ ಉಡಾವಣೆಯ ಒಪ್ಪಂದಗಳನ್ನು ನೋಡಿಕೊಂಡ ಆ್ಯಂಟ್ರಿಕ್ಸ್ ಸಂಸ್ಥೆಯೂ ಬೆಂಗಳೂರಿನದೇ.

ಎಐಎಸ್‌ಸ್ಯಾಟ್-1 ಎಷ್ಟು ಸರಳ ವಸ್ತು ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಉದ್ದ, ಅಗಲ, ಎತ್ತರ ಮೂರೂ 20 ಸೆಂಟಿಮೀಟರ್ ಇರುವ, ಆರು ಕಿಲೋ ಆಸುಪಾಸಿನ ಲೋಹದ ಪೆಟ್ಟಿಗೆ ಅದು. ಮೈಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ ಫಲಕಗಳು, ಹೊರಗೆ ಚಾಚಿಕೊಂಡ ಆಂಟೆನಾ, ಒಳಗೆ ರೇಡಿಯೊ ಗ್ರಾಹಕ, ಬ್ಯಾಟರಿ, ಒಂದಿಷ್ಟು ಗಣಕದ ಬಿಲ್ಲೆಗಳು. ಪಕ್ಕದ ಕಾರ್ಟೊಸ್ಯಾಟ್‌ಗೆ ಏಳುನೂರು ಕಿಲೋ ತೂಕ ಏಕೆ ಬೇಕಾಯಿತು, ಇದಕ್ಕೆ ಆರು ಕಿಲೋ ಏಕೆ ಸಾಕಾಯಿತು ಎಂದು ಕೇಳಿದರೆ ಉತ್ತರ ಕೆಲಸದ ಸ್ವರೂಪದಲ್ಲಿದೆ. ನೋಡುವ ಉಪಗ್ರಹಕ್ಕೆ ದೊಡ್ಡ ದುರ್ಬೀನು ಬೇಕು, ಅದನ್ನು ಅಲುಗದಂತೆ ಹಿಡಿಯುವ ಯಂತ್ರಗಳು ಬೇಕು, ಚಿತ್ರಗಳನ್ನು ತುಂಬಿಡಲು ಜಾಗ ಬೇಕು. ಕೇಳುವ ಉಪಗ್ರಹಕ್ಕೆ ಇದಾವುದೂ ಬೇಡ. ಶಕ್ತಿ ಖರ್ಚು ಮಾಡಿ ಕೂಗುವ ಕೆಲಸ ಹಡಗಿನದು, ಒಂದು ಹಡಗಿನ ಒಂದು ಸಾರಿಕೆ ಕೇವಲ 256 ಬಿಟ್ ಆದದ್ದರಿಂದ ಸಾವಿರಾರು ಸಾರಿಕೆಗಳನ್ನು ಕೂಡಿಡಲೂ ಹೆಚ್ಚಿನ ಜಾಗ ಬೇಡ. ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆ ಯೋಜಿಸಿ, ಅದೇ ಟೊರಾಂಟೊ ಪ್ರಯೋಗಾಲಯದಲ್ಲಿ ಕಟ್ಟಿಸಿದ ಈ ಪೆಟ್ಟಿಗೆ ಮೂರು ವರ್ಷ ದುಡಿದರೆ ಸಾಕೆಂಬ ಲೆಕ್ಕವಿತ್ತು. ಅದು ಲೆಕ್ಕ ಮೀರಿ ದುಡಿಯಿತು. ಸುಮಾರು ಇಪ್ಪತ್ತು ಲಕ್ಷ ಚದರ ಕಿಲೋಮೀಟರ್ ಕಡಲಿನ ಹೊಣೆ ಹೊತ್ತ ನಾರ್ವೆಗೆ ತನ್ನ ಉತ್ತರದ ನೀರಿನಲ್ಲಿ ಯಾರು ಎಲ್ಲಿದ್ದಾರೆಂಬ ಚಿತ್ರ ನಿತ್ಯವೂ ಸಿಗತೊಡಗಿದ್ದು ಅಂದಿನಿಂದ.

ಇಸ್ರೊ ತಾನೂ ಈ ದಾರಿಯಲ್ಲಿ ಹೆಜ್ಜೆ ಇಟ್ಟಿತು. 2011ರ ಏಪ್ರಿಲ್ 20ರಂದು ಹೋದ ರಿಸೋರ್ಸ್‌ಸ್ಯಾಟ್-2 ಬೆಳೆ, ಕಾಡು, ನೀರಿನ ಸಮೀಕ್ಷೆಯ ಉಪಗ್ರಹವಾದರೂ ಅದರ ಮೇಲೆ ಕೆನಡಾದ ಹಡಗು-ಆಲಿಕೆಯ ಗ್ರಾಹಕವೂ ಇತ್ತು. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೊಸ್ಯಾಟ್ ಖಗೋಳ ವೀಕ್ಷಣಾಲಯವನ್ನು ಒಯ್ದ ಪಿಎಸ್‌ಎಲ್‌ವಿ-ಸಿ30 ಹಡಗುಗಳ ಸಾರಿಕೆ ಕೇಳುವ ಇಂಡೋನೇಷ್ಯಾದ, ಕೆನಡಾದ, ಅಮೆರಿಕದ ಕಿರು ಉಪಗ್ರಹಗಳನ್ನೂ ಒಯ್ಯಿತು. 2019ರ ಏಪ್ರಿಲ್ 1ರ ಪಿಎಸ್‌ಎಲ್‌ವಿ-ಸಿ45 ಯಾನದಲ್ಲಿ ಇಸ್ರೊ ಇನ್ನೂ ಜಾಣತನದ ಕೆಲಸ ಮಾಡಿತು: ಉಪಗ್ರಹಗಳನ್ನು ಇಳಿಸಿದ ಮೇಲೆ ಕಸವಾಗಿ ಉಳಿಯಬೇಕಿದ್ದ ರಾಕೆಟ್ಟಿನ ನಾಲ್ಕನೆಯ ಹಂತವನ್ನೇ ಕಕ್ಷೆಯಲ್ಲಿ ಉಳಿಸಿಕೊಂಡು, ಅದರ ಮೇಲೆ ತನ್ನದೇ ಸ್ವಯಂಗುರುತು ಗ್ರಾಹಕವನ್ನು ಕೂರಿಸಿ ಪರೀಕ್ಷಿಸಿತು.

ಕೇಳಿದ್ದು ನೆಲಕ್ಕೆ ಇಳಿಯುವುದು

ಉಪಗ್ರಹ ಕೇಳಿದ್ದನ್ನು ಬೇಗ ಇಳಿಸದಿದ್ದರೆ ಕೇಳಿಯೂ ಪ್ರಯೋಜನವಿಲ್ಲ. ಆರು ಗಂಟೆ ಹಳೆಯ ಸುದ್ದಿ ಮುಳುಗುತ್ತಿರುವ ಹಡಗಿಗೆ ನೆರವಾಗದು. ದಾರಿಗಳು ಕೂಡುವ ಕಡೆಯೇ ನೆಲದ ಕೇಂದ್ರವೂ ಇದ್ದರೆ ಪ್ರತಿಯೊಂದು ಸುತ್ತಿನಲ್ಲೂ ಸುದ್ದಿ ಇಳಿಸಬಹುದಾದ್ದರಿಂದ ನಾರ್ವೆ ಸ್ವಾಲ್‌ಬಾರ್ಡಿನ ಕೇಂದ್ರವನ್ನು ಬಳಸಿಕೊಂಡಿತು. ಅದೇ ದ್ವೀಪಸಮೂಹದ ನೀ-ಓಲೆಸುಂಡ್ ಎಂಬಲ್ಲಿ 2008ರಿಂದ ಭಾರತದ ‘ಹಿಮಾದ್ರಿ’ ಸಂಶೋಧನಾ ನೆಲೆಯಿದೆ.

ದಕ್ಷಿಣದಲ್ಲಿ ಭಾರತಕ್ಕೆ ತನ್ನದೇ ಕೇಂದ್ರವಿದೆ. ಅಂಟಾರ್ಕ್ಟಿಕಾದ ‘ಭಾರತಿ’ ನೆಲೆಯಲ್ಲಿ ಇಸ್ರೊ 2013ರಲ್ಲಿ ಸ್ಥಾಪಿಸಿದ ಆಂಟೆನಾ ಭೂವೀಕ್ಷಣಾ ಉಪಗ್ರಹಗಳ ದತ್ತಾಂಶವನ್ನು ದಿನದ ಬಹುಪಾಲು ಸುತ್ತುಗಳಲ್ಲಿ ಹಿಡಿದು, ಸಂಪರ್ಕ ಉಪಗ್ರಹದ ಮೂಲಕ ಹೈದರಾಬಾದಿನ ಸಮೀಪದ ಶಾದ್‌ನಗರಕ್ಕೆ ಕಳಿಸುತ್ತದೆ. ಶಾದ್‌ನಗರ ಸೇಡಂನಿಂದ ಪೂರ್ವಕ್ಕೆ ನೇರ ಗೆರೆಯಲ್ಲಿ ನೂರು ಕಿಲೋಮೀಟರಿನ ಒಳಗೇ ಇದೆ. ಶಾದ್‌ನಗರದ ಆಂಟೆನಾಗಳಿಗೆ ನೇರವಾಗಿ ದಕ್ಕುವುದು ದಿನಕ್ಕೆ ಕೆಲವೇ ಸುತ್ತುಗಳಾದ್ದರಿಂದ, ತೆಲಂಗಾಣದ ಕೇಂದ್ರವೊಂದಕ್ಕೆ ಹಿಮಖಂಡದಲ್ಲಿ ಇನ್ನೊಂದು ಕಿವಿ ಬೇಕಾಗಿದ್ದು ಸಹಜವೇ ಆಗಿದೆ.

ಬಾಯಿ ಮುಚ್ಚಿದ ಹಡಗು

ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಹಡಗು ತಾನಾಗಿ ಮಾತಾಡುತ್ತದೆಂಬ ನಂಬಿಕೆಯ ಮೇಲೆ. ಕದ್ದು ಮೀನು ಹಿಡಿಯುವವರು ಮಾಡುವ ಮೊದಲ ಕೆಲಸ ಆ ಪೆಟ್ಟಿಗೆಯನ್ನು ಆರಿಸುವುದು. ಅಂಟಾರ್ಕ್ಟಿಕಾದ ಸುತ್ತಲಿನ ಆಳದಲ್ಲಿ ಸಿಗುವ ಟೂತ್‌ಫಿಶ್ ಎಂಬ ಬೆಲೆಬಾಳುವ ಮೀನಿನ ಬೆನ್ನುಹತ್ತಿದ್ದ ‘ಥಂಡರ್’ ಎಂಬ ಹಡಗು 2014ರ ಡಿಸೆಂಬರಿನಲ್ಲಿ ದಕ್ಷಿಣ ಸಾಗರದಲ್ಲಿ ಕಡಲಜೀವಿಗಳ ರಕ್ಷಣೆಗೆ ದುಡಿಯುವ ಸೀ ಶೆಪರ್ಡ್ ಸಂಸ್ಥೆಯ ಕಣ್ಣಿಗೆ ಬಿದ್ದು, 110 ದಿನಗಳ ಬೆನ್ನಟ್ಟುವಿಕೆಯ ಬಳಿಕ 2015ರ ಏಪ್ರಿಲಿನಲ್ಲಿ ಆಫ್ರಿಕಾದ ಪಶ್ಚಿಮ ತೀರದ ಬಳಿ ಮುಳುಗಿತು. ಒಂದು ಹಡಗನ್ನು ಕಣ್ಣಿನಿಂದ ಹಿಡಿದಿಡಲು ಇನ್ನೊಂದು ಹಡಗು ಮೂರೂವರೆ ತಿಂಗಳು ಅದರ ಹಿಂದೆಯೇ ಸಾಗಬೇಕಾಯಿತು.

ಮಾತಾಡದ ಹಡಗನ್ನು ಹುಡುಕಲು ನೋಡಲೇಬೇಕು, ಆದರೆ ಧ್ರುವದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನಿಲ್ಲ, ಬೇಸಗೆಯಲ್ಲಿ ಮೋಡ ಸರಿಯದು. ಇಂಥಲ್ಲಿ ಕ್ಯಾಮೆರಾಕ್ಕಿಂತ ರೇಡಾರ್ ಒಳ್ಳೆಯದು. ಅದು ತಾನೇ ರೇಡಿಯೊ ತರಂಗ ಚೆಲ್ಲಿ ಮರಳಿ ಬಂದದ್ದರಿಂದ ಚಿತ್ರ ಕಟ್ಟುವುದರಿಂದ ಕತ್ತಲೆ, ಮೋಡ ಎರಡೂ ಅಡ್ಡಬಾರವು. ರೇಡಾರ್ ಉಪಗ್ರಹವೆಂದರೆ ಟನ್ನುಗಟ್ಟಲೆ ತೂಕ ಎಂಬ ಕಾಲದಲ್ಲಿ ಫಿನ್‌ಲೆಂಡಿನ ‘ಐಸ್‌ಐ’ ಎಂಬ ಎಳೆಯ ಕಂಪನಿ ನೂರು ಕಿಲೋಗಿಂತ ಹಗುರವಾದ ರೇಡಾರ್ ಉಪಗ್ರಹ ಕಟ್ಟಿತು. ಕಡಲಿನ ಹಿಮವನ್ನು ಗಮನಿಸುವ ಆಸೆಯೇ ಅದರ ಮೂಲಪ್ರೇರಣೆಗಳಲ್ಲೊಂದು. ಆ ಮೊದಲ ಉಪಗ್ರಹ 2018ರ ಜನವರಿ 12ರಂದು ಮೇಲೇರಿದ್ದೂ ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿ-ಸಿ40ರ ಹೆಗಲ ಮೇಲೆ. ರೇಡಾರ್ ಚಿತ್ರದಲ್ಲಿ ಹಡಗಿನ ಲೋಹದ ಮೈ ಕಪ್ಪು ನೀರಿನ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಗಳ ಪಕ್ಕದಲ್ಲಿ ಕೇಳಿಸಿಕೊಂಡ ಹೆಸರುಗಳ ಪಟ್ಟಿಯನ್ನು ಇಟ್ಟು ಒಂದೊಂದಾಗಿ ಹೊಂದಿಸಿದರೆ, ಹೆಸರಿಲ್ಲದೆ ಉಳಿದ ಚುಕ್ಕೆಯೇ ಬಾಯಿ ಮುಚ್ಚಿದ ಹಡಗು; ತೇಲುವ ನೀರ್ಗಲ್ಲೂ ಇರಬಹುದಾದ್ದರಿಂದ ಎರಡನೆಯ ಚಿತ್ರ ತೆಗೆದು ಚುಕ್ಕೆ ಹೇಗೆ ಚಲಿಸಿತೆಂದು ನೋಡಬೇಕಾಗುತ್ತದೆ. ನಾರ್ವೆ 2021ರಲ್ಲಿ ಕಳಿಸಿದ ‘ನಾರ್‌ಸ್ಯಾಟ್-3’ ಇನ್ನೊಂದು ಉಪಾಯ ಹೂಡಿತು. ಗುರುತು ಸಾರುವ ಪೆಟ್ಟಿಗೆಯನ್ನು ಆರಿಸಿದ ಹಡಗೂ ಹಿಮದ ನಡುವೆ ದಾರಿ ಕಾಣಲು ತನ್ನ ರೇಡಾರನ್ನು ಉರಿಸಲೇಬೇಕಾದ್ದರಿಂದ, ಆ ರೇಡಾರಿನ ಮಿಡಿತವನ್ನೇ ಮೇಲಿನಿಂದ ಹಿಡಿಯುವ ಸಾಧನ ಅದರಲ್ಲಿದೆ.

ಈವರೆಗಿನದೆಲ್ಲ ಹಡಗು ಹೇಳುವುದು, ಉಪಗ್ರಹ ಕೇಳುವುದು. 2017ರಲ್ಲಿ ಹೋದ ‘ನಾರ್‌ಸ್ಯಾಟ್-2’ರಲ್ಲಿ ಹಡಗಿಗೆ ಮರಳಿ ಮಾತಾಡಬಲ್ಲ ರೇಡಿಯೊ ಇದ್ದು, ಅದರ ಮೂಲಕ ಉತ್ತರದ ನೀರಿನಲ್ಲಿದ್ದ ಹಡಗಿಗೆ ಹಿಮದ ನಕ್ಷೆ ಕಳಿಸುವ ಪರೀಕ್ಷೆಗಳು ನಡೆದವು. ಭೂಸ್ಥಿರ ಉಪಗ್ರಹ ಕಾಣದ ಕಡಲಿನಲ್ಲಿ, ಬೇರೆ ದುಬಾರಿ ಸಂಪರ್ಕ ಸಾಧನವಿಲ್ಲದ ಮೀನುಗಾರರ ಹಡಗಿಗೂ, ಮುಂದಿನ ಐವತ್ತು ಕಿಲೋಮೀಟರಿನಲ್ಲಿ ಹಿಮ ಯಾವ ಕಡೆ ಒಡೆದಿದೆ, ಯಾವ ಕಡೆ ಕೂಡಿಕೊಂಡಿದೆ ಎಂಬುದು ಗುರುತು ಸಾರುವ ಅದೇ ಚಿಕ್ಕ ಆಂಟೆನಾದ ಮೂಲಕ ಮುಟ್ಟುವಂತೆ ಮಾಡುವುದು ಈಗ ನಡೆದಿರುವ ಕೆಲಸ.